ತೋಟಕ್ಕೊಂದು, ಶಾಲೆಗೊಂದು, ಬೋಟಿಗೊಂದು: ಯಾವ ಮೈಕ್ರೋಕಂಟ್ರೋಲರ್ ಬೋರ್ಡ್ ತಗೊಳ್ಳೋದು?

ಶಿರಸಿ ಹತ್ರ ನಮ್ಮ ಚಿಕ್ಕಪ್ಪನ ಮನೆಯಿಂದ ಪಂಪ್ ಇರೋ ಹಳ್ಳಕ್ಕೆ ಇಳಿದು ಹೋಗ್ಲಿಕ್ಕೆ ಹತ್ತು ನಿಮಿಷ, ಗುಡ್ಡ ಹತ್ತಿ ವಾಪಸ್ ಬರ್ಲಿಕ್ಕೆ ಇಪ್ಪತ್ತು. ತ್ರೀ ಫೇಸ್ ಕರೆಂಟ್ ಬಂತಾ, ಪಂಪ್ ಓಡ್ತಾ ಇದೆಯಾ, ನೀರು ಎತ್ತುತ್ತಾ ಇದೆಯಾ, ಮೂರಕ್ಕೂ ಇಳಿದೇ ನೋಡ್ಬೇಕು. ಹೋದ ಬೇಸಿಗೆಲಿ ಅವರು ಹೇಳಿದ್ದು, "ಗುಡ್ಡ ಹತ್ತಿ ಇಳ್ದು ಸಾಕಾಗಿ ಹೋತು ತಮಾ, ಎಂತಾರೂ ಒಂದು ಮಾಡಿಕೊಡು."

ಅದೇ ಹೊತ್ತಿಗೆ ಕಾರವಾರದಲ್ಲಿ ಪರಿಚಯದ ಮೇಷ್ಟ್ರು ಒಬ್ರು ಕೇಳಿದ್ರು, ಎಂಟನೇ ಒಂಬತ್ತನೇ ಕ್ಲಾಸಿನ ಮಕ್ಕಳ ಕೈಲಿ ಕೊಡ್ಲಿಕ್ಕೆ ಯಾವ ಬೋರ್ಡ್ ಒಳ್ಳೇದು ಅಂತ. ಆಮೇಲೆ ಬೈತಖೋಲ್ ಬಂದರಿನಲ್ಲಿ ಬೋಟ್ ಇಟ್ಟಿರೋ ಗೆಳೆಯ, ಮೀನಿಗೆ ಐಸ್ ಹಾಕಿಡೋ ಖಾನೆ ಒಳಗೆ ಎಷ್ಟು ತಂಪಿದೆ ಅಂತ ಮೇಲೇ ಕಾಣ್ಬೇಕು ಅಂದ. ಮೂರೂ ಜನ ಆನ್‌ಲೈನಲ್ಲಿ ಹುಡುಕಿ ಹುಡುಕಿ ತಲೆ ಕೆಟ್ಟು ಕೊನೆಗೆ ನನ್ನ ಹತ್ರ ಬಂದವರು, ಮೂರೂ ಜನರ ಪ್ರಶ್ನೆ ಒಂದೇ: ಆರ್ಡುಯಿನೋನಾ, ಇಎಸ್‌ಪಿ32 ಆ, ಪಿಕೋನಾ? ಮೂರೂ ಜನಕ್ಕೆ ನಾನು ಕೊಟ್ಟ ಉತ್ತರ ಬೇರೆ ಬೇರೆ, ಯಾಕೆ ಅನ್ನೋದನ್ನ ಇಲ್ಲಿ ಬಿಡಿಸಿ ಬರೀತೇನೆ, ಇಂಥದ್ದೇ ಗೊಂದಲದಲ್ಲಿ ಇರೋರು ಇನ್ನೂ ಸುಮಾರು ಜನ ಇದ್ದಾರೆ.

ಮೊದಲು ಇದು ಏನು ಅಂತ ಚುಟುಕಾಗಿ. ಮೈಕ್ರೋಕಂಟ್ರೋಲರ್ ಅಂದ್ರೆ ಪ್ರೊಸೆಸರ್, ಮೆಮೊರಿ, ಹೊರಗಿನ ವಯರ್ ಸೇರಿಸ್ಲಿಕ್ಕೆ ಪಿನ್‌ಗಳು, ಎಲ್ಲ ಒಂದೇ ಚಿಪ್ಪಿನೊಳಗೆ ಇರೋ ಸಣ್ಣ ಕಂಪ್ಯೂಟರ್. ವಾಷಿಂಗ್ ಮಷೀನಲ್ಲಿ, ಇಂಡಕ್ಷನ್ ಒಲೇಲಿ, ಬೈಕಿನ ಮೀಟರಿನಲ್ಲಿ ಕೂತಿರೋದು ಇದೇ ಜಾತಿ. ನಾವು ತಗೊಳ್ಳೋ ಬೋರ್ಡ್ ಅಂದ್ರೆ ಈ ಚಿಪ್ ಜೊತೆಗೆ ಯುಎಸ್‌ಬಿ, ವೋಲ್ಟೇಜನ್ನ ಒಂದೇ ಮಟ್ಟದಲ್ಲಿ ಇಡೋ ರೆಗ್ಯುಲೇಟರ್, ಒಂದೆರಡು ಎಲ್‌ಇಡಿ ಹಚ್ಚಿಕೊಟ್ಟಿದ್ದು. ಇದ್ರಲ್ಲಿ ವಿಂಡೋಸ್, ಲಿನಕ್ಸ್ ಎಂತದೂ ಇಲ್ಲ, ನೀವು ಬರೆದ ಒಂದೇ ಪ್ರೋಗ್ರಾಂ ಕರೆಂಟ್ ಬಂದ ಕೂಡ್ಲೆ ಶುರುವಾಗಿ ಕರೆಂಟ್ ಹೋಗೋ ತನಕ ಓಡ್ತದೆ. ನಮ್ಮ ಕಡೆ ಮಳೆಗಾಲಕ್ಕೆ ಇದು ದೊಡ್ಡ ಗುಣ. ರಾಸ್ಪ್‌ಬೆರಿ ಪೈ ಅಂತ ಲಿನಕ್ಸ್ ಓಡೋ ಬೋರ್ಡ್ ಬರ್ತದಲ್ಲ, ಅದು ಮೆಮೊರಿ ಕಾರ್ಡಿಗೆ ಬರೀತಾ ಇರುವಾಗ ಕರೆಂಟ್ ಹೋದ್ರೆ ಕಾರ್ಡ್ ಕೆಡೋ ಸಾಧ್ಯತೆ ಇದೆ, ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರೋ ಊರಿನ ಪಂಪ್‌ಹೌಸಿಗೆ ಅದು ಬೇಡ. ಹೆಸರು ಹತ್ತಿರ ಇದೆ ಅಂತ ರಾಸ್ಪ್‌ಬೆರಿ ಪೈ ಪಿಕೋನ ಅದೇ ಅಂದ್ಕೋಬೇಡಿ, ಪಿಕೋ ಅಪ್ಪಟ ಮೈಕ್ರೋಕಂಟ್ರೋಲರ್.

ಯಾವುದನ್ನ ನೋಡಿ ಆರಿಸೋದು

ಜನ ಬೋರ್ಡನ್ನೂ ಮೊಬೈಲ್ ಆರಿಸಿದ ಹಾಗೆ ಆರಿಸ್ತಾರೆ, 16 ಮೆಗಾಹರ್ಟ್ಸಿಗಿಂತ 240 ಮೆಗಾಹರ್ಟ್ಸ್ (ಚಿಪ್ಪಿನ ವೇಗದ ಅಳತೆ) ಒಳ್ಳೇದು ಅಂತ. ಟ್ಯಾಂಕ್ ತುಂಬಿತಾ ಅಂತ ಸೆಕೆಂಡಿಗೊಮ್ಮೆ ನೋಡೋ ಕೆಲಸಕ್ಕೆ 16 ಮೆಗಾಹರ್ಟ್ಸೇ ಬೇಕಾದಷ್ಟಾಯ್ತು. ನಾನು ಮೊದಲು ಕೇಳೋದು ಬೋರ್ಡ್ ಎಲ್ಲಿ ಕೂರ್ತದೆ ಅಂತ, ಅದು ಗೊತ್ತಾದ್ರೆ ಮುಕ್ಕಾಲು ಪಾಲು ತೀರ್ಮಾನ ಆಗಿಬಿಡ್ತದೆ.

ಎಲ್ಲಿ ಕೂರ್ತದೆ ಅನ್ನೋದ್ರಲ್ಲಿ ಮೊದಲನೇದು ಕರೆಂಟ್ ಎಲ್ಲಿಂದ ಬರ್ತದೆ ಅನ್ನೋದು. ಪ್ಲಗ್ ಪಾಯಿಂಟ್ ಪಕ್ಕದಲ್ಲೇ ಇದ್ರೆ ಯಾವ ಬೋರ್ಡಾದ್ರೂ ಅಡ್ಡಿಲ್ಲ. ಬ್ಯಾಟರಿ ಮೇಲೆ ತಿಂಗಳುಗಟ್ಲೆ ಇರ್ಬೇಕು ಅಂದ್ರೆ ಅರ್ಧಕ್ಕರ್ಧ ಬೋರ್ಡ್ ಅಲ್ಲೇ ಬಿದ್ದುಹೋಗ್ತವೆ. ಎರಡನೇದು ಸುದ್ದಿ ಎಷ್ಟು ದೂರ ಹೋಗ್ಬೇಕು: ಅಲ್ಲೇ ಒಂದು ದೀಪ ಹತ್ತಿದ್ರೆ ಸಾಕಾ, ಮನೆಯ ವೈಫೈಗೆ ಮುಟ್ಟಬೇಕಾ, ಗುಡ್ಡದಾಚೆ ಹೋಗ್ಬೇಕಾ. ಮೂರನೇದನ್ನ ಸುಮಾರು ಜನ ನೋಡೋದೇ ಇಲ್ಲ, 5 ವೋಲ್ಟಾ 3.3 ವೋಲ್ಟಾ ಅಂತ. ಹಳೇ ಕಾಲದ ಸೆನ್ಸರ್, ಡಿಸ್‌ಪ್ಲೇ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಆನ್ ಆಫ್ ಮಾಡೋ ಸ್ವಿಚ್) ಮಾಡ್ಯೂಲ್ ಹೆಚ್ಚಿನವು 5 ವೋಲ್ಟಿನವು, ಹೊಸ ಚಿಪ್‌ಗಳಲ್ಲಿ ಹೆಚ್ಚಿನವು 3.3 ವೋಲ್ಟಿನವು, 3.3ರ ಪಿನ್ನಿಗೆ 5 ಕೊಟ್ರೆ ಪಿನ್ ಸಾಯಬಹುದು, ಕೆಲವು ಸಲ ಚಿಪ್ಪೇ ಹೋಗ್ತದೆ. ನಾನು ಒಂದು ಇಎಸ್‌ಪಿ32 ಕಳ್ಕೊಂಡಿದ್ದು ಹೀಗೇ. ನೀರಿನ ಮಟ್ಟ ಅಳೀಲಿಕ್ಕೆ ಹಾಕೋ ಎಚ್‌ಸಿ-ಎಸ್‌ಆರ್04 ಅನ್ನೋ ಅಲ್ಟ್ರಾಸಾನಿಕ್ ಸೆನ್ಸರಿನ ಎಕೋ ಪಿನ್ 5 ವೋಲ್ಟ್ ಬಿಡ್ತದೆ, ನಾನು ಸೀದಾ ಸೇರಿಸಿದೆ, ಎರಡು ವಾರ ಚೆನ್ನಾಗೇ ಓಡಿ ಆಮೇಲೆ ಆ ಪಿನ್ ಏನು ಕೊಟ್ರೂ ಸೊನ್ನೆ ತೋರಿಸ್ಲಿಕ್ಕೆ ಹತ್ತಿತು. ಮಧ್ಯದಲ್ಲಿ 1 ಕಿಲೋಓಮ್, 2 ಕಿಲೋಓಮ್ ಎರಡು ರೆಸಿಸ್ಟರ್ ಹಾಕಿ ಡಿವೈಡರ್ ಮಾಡಿದ್ರೆ 5 ವೋಲ್ಟ್ ಇಳಿದು 3.3 ಆಗ್ತದೆ, ಖರ್ಚು ಎರಡು ರೂಪಾಯಿ.

ಆಮೇಲೆ ಪಿನ್ ಎಷ್ಟು, ಅದ್ರಲ್ಲಿ ಅನಲಾಗ್ (ಹೆಚ್ಚುಕಮ್ಮಿ ಆಗ್ತಾ ಇರೋ ವೋಲ್ಟೇಜ್) ಅಳೆಯೋವು ಎಷ್ಟು, ಮೆಮೊರಿ ಎಷ್ಟು, ಕೋಡ್ ಬರೆಯೋರು ಯಾರು, ಹಾಳಾದ್ರೆ ಹುಬ್ಬಳ್ಳಿಗೆ ಓಡದೆ ಮತ್ತೊಂದು ಸಿಗ್ತದಾ, ಇಷ್ಟು ನೋಡ್ಬೇಕು. ದುಡ್ಡನ್ನ ನಾನು ಕೊನೆಗೆ ಇಡ್ತೇನೆ, ಯಾಕಂದ್ರೆ ಡಬ್ಬ, ವಯರು, ಪವರ್ ಸಪ್ಲೈ, ಸೆನ್ಸರ್ ಎಲ್ಲ ಸೇರಿಸಿದಾಗ ಬೋರ್ಡಿನ ಬೆಲೆ ಅದ್ರಲ್ಲಿ ಸಣ್ಣ ಪಾಲು.

ಆರ್ಡುಯಿನೋ ಉನೋ, ನ್ಯಾನೋ

ಇಟಲಿಯ ಇವ್ರಿಯಾ ಅನ್ನೋ ಊರಲ್ಲಿ 2005ರಲ್ಲಿ ಡಿಸೈನ್ ಕಲಿಯೋ ವಿದ್ಯಾರ್ಥಿಗಳಿಗೆ ಅಂತ ಶುರುವಾಗಿದ್ದು ಆರ್ಡುಯಿನೋ, ಉನೋ ಬೋರ್ಡ್ ಬಂದಿದ್ದು 2010ರಲ್ಲಿ. ಉನೋ ಆರ್3 ಒಳಗಿನ ಚಿಪ್ ಎಟಿಮೆಗಾ328ಪಿ, 16 ಮೆಗಾಹರ್ಟ್ಸ್, ಪ್ರೋಗ್ರಾಂ ಇಡ್ಲಿಕ್ಕೆ 32 ಕೆಬಿ ಫ್ಲ್ಯಾಶ್, ಓಡುವಾಗ ಬಳಸ್ಲಿಕ್ಕೆ ಬರೇ 2 ಕೆಬಿ ರ‍್ಯಾಮ್, ಕರೆಂಟ್ ಹೋದ್ರೂ ನೆನಪಿಡ್ಲಿಕ್ಕೆ 1 ಕೆಬಿ ಇಇಪ್ರಾಮ್. 14 ಡಿಜಿಟಲ್ ಪಿನ್, ಅದ್ರಲ್ಲಿ 6 ಪಿಡಬ್ಲ್ಯೂಎಂ ಮಾಡ್ತವೆ ಅಂದ್ರೆ ದೀಪದ ಬೆಳಕು ಮೋಟರಿನ ವೇಗ ಹೆಚ್ಚುಕಮ್ಮಿ ಮಾಡ್ಬಹುದು, ಬೇರೆ 6 ಅನಲಾಗ್ ಪಿನ್. ಅನಲಾಗ್ ಅಳತೆ 10 ಬಿಟ್, ಅಂದ್ರೆ 0ಯಿಂದ 5 ವೋಲ್ಟನ್ನ 1024 ಮೆಟ್ಟಿಲು ಮಾಡಿ ಹೇಳ್ತದೆ. ನ್ಯಾನೋ ಅಂದ್ರೆ ಇದೇ ಚಿಪ್, ಹೆಬ್ಬೆರಳಿನಷ್ಟು ಸಣ್ಣ ಬೋರ್ಡಿನಲ್ಲಿ, ಜೊತೆಗೆ ಎರಡು ಅನಲಾಗ್ ಪಿನ್ ಹೆಚ್ಚಿಗೆ.

2 ಕೆಬಿ ಅಂದ್ರೆ ಎಷ್ಟು ಸಣ್ಣದು ಅಂತ ಒಂದು ಲೆಕ್ಕ ಹೇಳ್ತೇನೆ. ಕನ್ನಡದ ಒಂದೊಂದು ಅಕ್ಷರಭಾಗಕ್ಕೂ, ಅಂದ್ರೆ ಕೊಂಬಿಗೆ ಬೇರೆ ಗುಡಿಸಿಗೆ ಬೇರೆ ಅಂತ, 3 ಬೈಟ್ ಬೇಕು. "ನೀರು ತುಂಬಿದೆ" ಅಂತ ಬರೀಲಿಕ್ಕೆ 34 ಬೈಟ್ ಹೋಗ್ತದೆ. ಸಣ್ಣ ಓಎಲ್‌ಇಡಿ ಡಿಸ್‌ಪ್ಲೇ ಬರ್ತದಲ್ಲ, 128ಕ್ಕೆ 64 ಚುಕ್ಕಿಯದ್ದು, ಅದ್ರ ಒಂದು ಪೂರ್ತಿ ಚಿತ್ರ ಇಟ್ಕೊಳ್ಳಿಕ್ಕೇ 1024 ಬೈಟ್, ಅಲ್ಲಿಗೆ ಉನೋದ ಅರ್ಧ ರ‍್ಯಾಮ್ ಖಾಲಿ. ಇಇಪ್ರಾಮಿಗೂ ಮಿತಿ ಇದೆ, ಒಂದು ಜಾಗಕ್ಕೆ ಸುಮಾರು 1 ಲಕ್ಷ ಸಲ ಬರೀಬಹುದು ಅಂತ ಚಿಪ್ ಮಾಡಿದವರು ಹೇಳ್ತಾರೆ, ನಿಮಿಷಕ್ಕೊಂದು ಸಲ ಅದೇ ಜಾಗಕ್ಕೆ ಬರೆದ್ರೆ ದಿನಕ್ಕೆ 1440, ಎಪ್ಪತ್ತು ದಿನದೊಳಗೆ ಆ ಲಕ್ಷ ಮುಗೀತದೆ, ಹಾಗಾಗಿ ಬದಲಾದಾಗ ಮಾತ್ರ ಬರೆಯೋ ಹಾಗೆ ಕೋಡ್ ಮಾಡಿ.

ಇಷ್ಟೆಲ್ಲ ಬಡತನ ಇದ್ರೂ ಉನೋ ನ್ಯಾನೋ ನಾನು ಬಿಟ್ಟಿಲ್ಲ. ಯಾಕಂದ್ರೆ ಇದು 5 ವೋಲ್ಟಿನದ್ದು, ಗಟ್ಟಿ, ಒಂದು ಪಿನ್ 20 ಮಿಲಿಆಂಪ್ ಆರಾಮಾಗಿ ಕೊಡ್ತದೆ, ವಯರ್ ತಪ್ಪಿದ್ರೂ ಸುಮಾರು ಸಲ ಬದುಕಿ ಉಳೀತದೆ, ಕಲಿಯೋರ ಕೈಗೆ ಅದು ಮುಖ್ಯ. ಒಂದು ಮಾತು ಮಾತ್ರ ಮರೀಬೇಡಿ: ಪಿನ್ನಿಂದ ಸೀದಾ ರಿಲೇ ಕಾಯಿಲ್ ಎಳೀಬಾರದು, 5 ವೋಲ್ಟಿನ ಸಾಮಾನ್ಯ ರಿಲೇಗೆ 70 ಮಿಲಿಆಂಪ್ ಬೇಕು, ಟ್ರಾನ್ಸಿಸ್ಟರ್ ಇರೋ ರಿಲೇ ಮಾಡ್ಯೂಲೇ ತಗೊಳ್ಳಿ.

ವೈಫೈ ಇಲ್ಲ, ಬ್ಲೂಟೂತ್ ಇಲ್ಲ, ಬ್ಯಾಟರಿಗೆ ಆಗೋದಿಲ್ಲ. ಉನೋ ಸುಮ್ನೆ ಕೂತಿದ್ರೂ 50 ಮಿಲಿಆಂಪ್ ಆಸುಪಾಸು ತಿಂತದೆ, ಒಂದು ಒಳ್ಳೇ ಲಿಥಿಯಂ ಸೆಲ್ ಹಾಕಿದ್ರೆ ಒಂದೂವರೆ ದಿನದಲ್ಲಿ ಮುಗೀತು. 2023ರಲ್ಲಿ ಉನೋ ಆರ್4 ಬಂದಿದೆ, 48 ಮೆಗಾಹರ್ಟ್ಸ್, 256 ಕೆಬಿ ಫ್ಲ್ಯಾಶ್, 32 ಕೆಬಿ ರ‍್ಯಾಮ್, ಆದ್ರೂ 5 ವೋಲ್ಟೇ ಇಟ್ಟಿದ್ದಾರೆ, ಅದ್ರಲ್ಲೇ ವೈಫೈ ಇರೋದೂ ಒಂದಿದೆ. ಒಳ್ಳೇ ಬೋರ್ಡು, ಆದ್ರೆ ಅಷ್ಟು ದುಡ್ಡಿಗೆ ಎರಡು ಮೂರು ಇಎಸ್‌ಪಿ32 ಬರ್ತವೆ.

ಇಎಸ್‌ಪಿ32, ಇಎಸ್‌ಪಿ8266

ಇವು ಶಾಂಘೈನ ಎಸ್‌ಪ್ರೆಸಿಫ್ ಕಂಪನಿಯವು. 8266 ಬಂದಿದ್ದು 2014ರಲ್ಲಿ, ವೈಫೈ ಇರೋ ಚಿಪ್ ಇಷ್ಟು ಅಗ್ಗಕ್ಕೆ ಅಂತ ಇಡೀ ಪ್ರಪಂಚದ ಹವ್ಯಾಸಿಗಳು ಅದ್ರ ಹಿಂದೆ ಬಿದ್ರು. ಇಎಸ್‌ಪಿ32 ಬಂದಿದ್ದು 2016ರಲ್ಲಿ: ಎರಡು ಕೋರ್ (ಒಂದೇ ಚಿಪ್ಪಿನಲ್ಲಿ ಎರಡು ಪ್ರೊಸೆಸರ್), 240 ಮೆಗಾಹರ್ಟ್ಸ್, 520 ಕೆಬಿ ರ‍್ಯಾಮ್, ಬೋರ್ಡಿನಲ್ಲಿ ಸಾಮಾನ್ಯವಾಗಿ 4 ಎಂಬಿ ಫ್ಲ್ಯಾಶ್, ವೈಫೈ, ಬ್ಲೂಟೂತ್ ಎರಡೂ, ಬೆರಳು ಮುಟ್ಟಿದ್ರೆ ಗೊತ್ತಾಗೋ ಟಚ್ ಪಿನ್ 10. ಮನೆ ವೈಫೈ ಮುಟ್ಟೋ ಜಾಗದಲ್ಲಿ ಮೊಬೈಲಿಗೆ ಸುದ್ದಿ ಬರ್ಬೇಕು ಅಂದ್ರೆ ನಾನು ಬೇರೆ ಯೋಚನೆ ಮಾಡೋದೇ ಇಲ್ಲ, ಇದೇ. ರೂಟರ್ 5 ಗಿಗಾಹರ್ಟ್ಸ್ ಮಾತ್ರ ಬಿಡ್ತಾ ಇದ್ರೆ ಈ ಎರಡಕ್ಕೂ ಕಾಣೋದಿಲ್ಲ, 2.4 ಆನ್ ಇರ್ಬೇಕು.

ಆದ್ರೆ ಇದ್ರ ಪಿನ್ನುಗಳಲ್ಲಿ ಒಳಸುಳಿ ಬಹಳ, ತಗೊಳ್ಳೋ ಮೊದಲೇ ತಿಳ್ಕೊಂಡ್ರೆ ರಾತ್ರಿ ನಿದ್ದೆ ಉಳೀತದೆ. 6ರಿಂದ 11ರ ತನಕದ ಪಿನ್ ಫ್ಲ್ಯಾಶ್ ಮೆಮೊರಿಗೆ ಹೋಗಿದಾವೆ, ಮುಟ್ಟಬೇಡಿ. 34ರಿಂದ 39 ಒಳಗೆ ತಗೊಳ್ಳಿಕ್ಕೆ ಮಾತ್ರ, ಹೊರಗೆ ಕೊಡೋದಿಲ್ಲ. 0, 2, 5, 12, 15 ಬೋರ್ಡ್ ಎಚ್ಚರ ಆಗೋ ಹೊತ್ತಿಗೆ ಚಿಪ್ ನೋಡೋ ಪಿನ್‌ಗಳು, 12ರ ಮೇಲೆ ಆ ಹೊತ್ತಿಗೆ ವೋಲ್ಟೇಜ್ ಇದ್ರೆ ಬೋರ್ಡ್ ಶುರುವೇ ಆಗ್ಲಿಕ್ಕಿಲ್ಲ. ಎರಡು ಎಡಿಸಿ (ಅನಲಾಗ್ ಅಳೆಯೋ ಭಾಗ) ಇದೆ ಅಂತ ಬರೆದಿರ್ತಾರೆ, ಆದ್ರೆ ವೈಫೈ ಓಡುವಾಗ ಎರಡನೇದು ಕೆಲಸಕ್ಕೆ ಬರೋದಿಲ್ಲ, ಮತ್ತೆ ಅಳತೆ 12 ಬಿಟ್ ಆದ್ರೂ ಎರಡೂ ತುದೀಲಿ ಸೊಟ್ಟ. ನಾನು ರಿಲೇ ಸೇರಿಸೋದು 25, 26, 27, 32, 33, ಈ ಐದರಲ್ಲೇ. ಮೊದಲು ಒಮ್ಮೆ 15ಕ್ಕೆ ಸೇರಿಸಿದ್ದೆ, ಪ್ರತಿ ಸಲ ಕರೆಂಟ್ ಬಂದಾಗ್ಲೂ ರಿಲೇ ಒಂದು ಸಲ ಟಕ್ ಅಂತಿತ್ತು. ಮೇಜಿನ ಮೇಲೆ ಅದು ಬರೇ ಸದ್ದು, ಪಂಪ್ ಸ್ಟಾರ್ಟರಿಗೆ ಸೇರಿಸಿದ್ರೆ ಆ ಒಂದು ಟಕ್ಕಿಗೆ ಮೋಟರ್ ಚಾಲೂ ಆಗಿಬಿಡ್ತದೆ, ಹಳ್ಳದಲ್ಲಿ ಯಾರಾದ್ರೂ ಫುಟ್‌ವಾಲ್ವ್ ರಿಪೇರಿ ಮಾಡ್ತಾ ಇದ್ರೆ?

ಬ್ಯಾಟರಿ ವಿಷಯ ಸ್ವಲ್ಪ ನಿಧಾನಕ್ಕೆ ನೋಡುವ, ಜನ ಹೆಚ್ಚು ಮೋಸ ಹೋಗೋದು ಇಲ್ಲೇ. ಇಎಸ್‌ಪಿ32 ಡೀಪ್ ಸ್ಲೀಪಲ್ಲಿ, ಅಂದ್ರೆ ಬಹುಪಾಲು ಬಂದಾಗಿ ಮಲಗಿದ್ದಾಗ, 10 ಮೈಕ್ರೋಆಂಪ್ ಅಷ್ಟೇ ತಿಂತದೆ ಅಂತ ಎಲ್ಲ ಕಡೆ ಬರೆದಿರ್ತದೆ, ನಿಜಾನೇ, ಆದ್ರೆ ಅದು ಚಿಪ್ಪಿನ ಲೆಕ್ಕ, ಬೋರ್ಡಿನದ್ದಲ್ಲ. 2500 ಮಿಲಿಆಂಪ್‌ಅವರ್ (ಸೆಲ್ ಎಷ್ಟು ಹಿಡೀತದೆ ಅನ್ನೋ ಅಳತೆ) ಸೆಲ್ ಒಂದು ಹಾಕಿದ್ರಿ, ಅರ್ಧ ಗಂಟೆಗೊಮ್ಮೆ ಎದ್ದು 5 ಸೆಕೆಂಡಲ್ಲಿ ಸುದ್ದಿ ಕಳಿಸಿ ಮಲಗ್ತದೆ ಅಂತ ಇಟ್ಕೊಳ್ಳಿ. ದಿನಕ್ಕೆ 48 ಸಲ, ಒಟ್ಟು 240 ಸೆಕೆಂಡ್, ಎದ್ದಾಗ 120 ಮಿಲಿಆಂಪ್ ಹಿಡಿದ್ರೆ ದಿನಕ್ಕೆ 8 ಮಿಲಿಆಂಪ್‌ಅವರ್. ಮಲಗಿದ್ದಾಗಿಂದು ಕಾಲು ಮಿಲಿಆಂಪ್‌ಅವರ್ ಕೂಡ ಇಲ್ಲ. ಅಂದ್ರೆ ಸೆಲ್ 300 ದಿನ ಬರ್ಬೇಕು. ಆದ್ರೆ ಬೋರ್ಡಿನ ಮೇಲೆ ಸದಾ ಉರಿಯೋ ಕೆಂಪು ಎಲ್‌ಇಡಿ, ಅಗ್ಗದ ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಎಲ್ಲ ಸೇರಿ 10 ಮಿಲಿಆಂಪ್ ತಿಂದ್ರೆ ದಿನಕ್ಕೆ 240, ಹತ್ತೇ ದಿನಕ್ಕೆ ಸೆಲ್ ಖಾಲಿ. ಚಿಪ್ ಅದೇ, ಕೋಡ್ ಅದೇ, 300 ದಿನ ಹೋಗಿ 10 ದಿನ. ಹಾಗಾಗಿ ಬ್ಯಾಟರಿಗೆ ಅಂತ ಇದ್ರೆ ಬ್ಯಾಟರಿಗೇ ಮಾಡಿದ ಬೋರ್ಡ್ ನೋಡಿ, ಬೋರ್ಡಿನ ಸ್ಲೀಪ್ ಕರೆಂಟ್ ಎಷ್ಟು ಅಂತ ಕೇಳಿ, ಬಂದ ಮೇಲೆ ಮಲ್ಟಿಮೀಟರ್ ಹಿಡಿದು ನೀವೇ ಅಳೆದು ನೋಡಿ.

ಇನ್ನೊಂದು, ವೈಫೈ ಶುರುವಾಗೋ ಕ್ಷಣಕ್ಕೆ ಇದು ಗಬಕ್ಕನೆ ಕರೆಂಟ್ ಎಳೀತದೆ, ಹಳೇ ಮೊಬೈಲ್ ಚಾರ್ಜರಿಗೆ ಉದ್ದದ ಸಪೂರ ಕೇಬಲ್ ಹಾಕಿದ್ರೆ ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗ್ತದೆ. ಸೀರಿಯಲ್ ಮಾನಿಟರಲ್ಲಿ (ಬೋರ್ಡ್ ಕಳಿಸಿದ ಮಾತನ್ನ ಕಂಪ್ಯೂಟರಲ್ಲಿ ತೋರಿಸೋ ಕಿಟಕಿ) "ಬ್ರೌನ್‌ಔಟ್" ಅಂತ ಬಂದ್ರೆ ಕೋಡ್ ತಿದ್ದೋದು ಬಿಟ್ಟು ಮೊದಲು ಕೇಬಲ್ ಬದಲಿಸಿ.

8266 ಈಗ್ಲೂ ಸಿಗ್ತದೆ, ನೋಡ್‌ಎಂಸಿಯು ಅಂತ. ಇನ್ನೂ ಅಗ್ಗ. ಆದ್ರೆ ಅನಲಾಗ್ ಪಿನ್ ಒಂದೇ ಒಂದು, ನಿರಾಳವಾಗಿ ಬಳಸೋ ಪಿನ್ ಕಮ್ಮಿ, ಬ್ಲೂಟೂತ್ ಇಲ್ಲ. ಒಂದು ರಿಲೇ, ಒಂದು ಸೆನ್ಸರ್ ಅಷ್ಟೇ ಇರೋ ಕಡೆ ಸಾಕು. ಹೊಸತಾಗಿ ತಗೊಳ್ಳೋದಾದ್ರೆ ಅದ್ರ ಬದಲು ಇಎಸ್‌ಪಿ32-ಸಿ3 ನೋಡಿ, ಒಂದೇ ಕೋರ್, 160 ಮೆಗಾಹರ್ಟ್ಸ್, ವೈಫೈ ಜೊತೆ ಬ್ಲೂಟೂತ್ ಲೋ ಎನರ್ಜಿ ಇದೆ, ಸಣ್ಣ ಬೋರ್ಡು.

ರಾಸ್ಪ್‌ಬೆರಿ ಪೈ ಪಿಕೋ

2021ರ ಜನವರಿಯಲ್ಲಿ 4 ಡಾಲರಿಗೆ ಬಂತು. ಆರ್‌ಪಿ2040 ಅನ್ನೋ ಅವರದ್ದೇ ಚಿಪ್, ಎರಡು ಕೋರ್, 133 ಮೆಗಾಹರ್ಟ್ಸ್, 264 ಕೆಬಿ ರ‍್ಯಾಮ್, 2 ಎಂಬಿ ಫ್ಲ್ಯಾಶ್, 26 ಪಿನ್, ಅದ್ರಲ್ಲಿ ಅನಲಾಗಿಗೆ 3 ಮಾತ್ರ. ವೈಫೈ ಇರೋ ಪಿಕೋ ಡಬ್ಲ್ಯೂ 2022ರಲ್ಲಿ, ಹೆಚ್ಚು ರ‍್ಯಾಮ್ ಇರೋ ಪಿಕೋ 2 2024ರಲ್ಲಿ ಬಂದವು.

ನಂಗೆ ಇದ್ರಲ್ಲಿ ಇಷ್ಟ ಆಗೋದು ಪ್ರೋಗ್ರಾಂ ಹಾಕೋ ರೀತಿ. ಬಟನ್ ಒತ್ತಿ ಹಿಡಿದು ಯುಎಸ್‌ಬಿ ಚುಚ್ಚಿದ್ರೆ ಪೆನ್‌ಡ್ರೈವ್ ಹಾಗೆ ಕಾಣ್ತದೆ, ಫೈಲ್ ಎಳೆದು ಅದ್ರೊಳಗೆ ಬಿಟ್ರೆ ಆಯ್ತು. ಡ್ರೈವರ್ ರಗಳೆ ಇಲ್ಲ, ಚಿಪ್ ಒಳಗೇ ಇರೋ ವ್ಯವಸ್ಥೆ ಆದ್ದರಿಂದ ಎಂಥ ತಪ್ಪು ಕೋಡ್ ಹಾಕಿದ್ರೂ ಮತ್ತೆ ಎಬ್ಬಿಸ್ಬಹುದು. ಮೈಕ್ರೋಪೈಥಾನ್, ಅಂದ್ರೆ ಇಂಥ ಸಣ್ಣ ಚಿಪ್ಪಿಗೆ ಹೊಂದಿಸಿದ ಪೈಥಾನ್ ಭಾಷೆ, ಚೆನ್ನಾಗಿ ಓಡ್ತದೆ, ಕಾಲೇಜಲ್ಲಿ ಪೈಥಾನ್ ಕಲಿತವರಿಗೆ ಇದು ಸುಲಭದ ದಾರಿ. ಪವರಿಗೆ 1.8ರಿಂದ 5.5 ವೋಲ್ಟ್ ತನಕ ಏನು ಕೊಟ್ರೂ ನಡೀತದೆ, ಎರಡು ಪೆನ್‌ಟಾರ್ಚ್ ಸೆಲ್ಲಿನಲ್ಲೂ ಓಡ್ತದೆ. ಪಿನ್ ಮಾತ್ರ 3.3ರವು, ಎಚ್ಚರ.

ಇನ್ನೊಂದು ವಿಶೇಷ ಪಿಐಒ, ಮುಖ್ಯ ಪ್ರೊಸೆಸರಿಗೆ ತೊಂದ್ರೆ ಕೊಡದೆ ಪಿನ್ನುಗಳನ್ನ ಅತಿ ಕರಾರುವಾಕ್ಕಾಗಿ ಆಡಿಸೋ 8 ಸಣ್ಣ ಯಂತ್ರಗಳು ಚಿಪ್ಪಿನೊಳಗೆ ಇದಾವೆ. ಗಣಪತಿ ಮಂಟಪಕ್ಕೆ ಬಣ್ಣ ಬದಲಾಗೋ ಎಲ್‌ಇಡಿ ಪಟ್ಟಿ ಹಾಕ್ತೀರಲ್ಲ, ಅದಕ್ಕೆ ಇದ್ರಷ್ಟು ಒಳ್ಳೇದು ನಾನು ನೋಡಿಲ್ಲ. ಹಾಗೆ ಮಾಡೋರಿಗೆ ಒಂದು ಮಾತು, ಒಂದು ಎಲ್‌ಇಡಿ ಪೂರ್ತಿ ಬಿಳಿ ಉರಿದ್ರೆ 60 ಮಿಲಿಆಂಪ್, 300 ಹಾಕಿದ್ರೆ 18 ಆಂಪ್, ಬೋರ್ಡಿನ ಬಗ್ಗೆ ಒಂದು ಗಂಟೆ ಯೋಚನೆ ಮಾಡಿದ್ರೆ ಪವರ್ ಸಪ್ಲೈ ಬಗ್ಗೆ ಎರಡು ಗಂಟೆ ಮಾಡಿ.

ಉಳಿದವು

ಮೈಕ್ರೋಬಿಟ್: 2016ರಲ್ಲಿ ಬ್ರಿಟನ್ನಿನ ಶಾಲೆ ಮಕ್ಕಳಿಗೆ ಪುಕ್ಕಟೆ ಹಂಚ್ಲಿಕ್ಕೆ ಅಂತ ಬಿಬಿಸಿಯವರು ಮಾಡಿಸಿದ್ದು. ಬೋರ್ಡಿನ ಮೇಲೇ 25 ಎಲ್‌ಇಡಿ, ಎರಡು ಬಟನ್, ಅಲುಗಾಡಿದ್ದು ತಿಳಿಯೋ ಸೆನ್ಸರ್, ದಿಕ್ಸೂಚಿ, ಎರಡನೇ ಆವೃತ್ತಿಯಲ್ಲಿ ಮೈಕು ಸ್ಪೀಕರೂ ಇದಾವೆ. ಒಂದೂ ವಯರ್ ಸೇರಿಸದೆ ಮಗು ಮೊದಲನೇ ದಿನವೇ ಏನಾದ್ರೂ ಮಾಡ್ಬಹುದು, ಬಣ್ಣದ ತುಂಡು ಜೋಡಿಸಿ ಪ್ರೋಗ್ರಾಂ ಮಾಡೋದು. ಬೆಲೆ ಹೆಚ್ಚು.

ಎಟಿಟೈನಿ85: ಎಂಟೇ ಕಾಲಿನ ಚಿಪ್, 8 ಕೆಬಿ ಫ್ಲ್ಯಾಶ್, 512 ಬೈಟ್ ರ‍್ಯಾಮ್. ಮಲಗಿಸಿದ್ರೆ ಕರೆಂಟ್ ತಿನ್ನೋದು ಇಲ್ಲ ಅಂತ್ಲೇ ಹೇಳ್ಬಹುದು. ಒಂದೇ ಒಂದು ಸಣ್ಣ ಕೆಲಸಕ್ಕೆ ಸೈ, ಕಲೀಲಿಕ್ಕೆ ಇದ್ರಿಂದ ಶುರು ಮಾಡ್ಬೇಡಿ.

ಎಸ್‌ಟಿಎಂ32 "ಬ್ಲೂ ಪಿಲ್": ಕಾಗದದ ಮೇಲೆ ಒಳ್ಳೇದು, 72 ಮೆಗಾಹರ್ಟ್ಸ್, 20 ಕೆಬಿ ರ‍್ಯಾಮ್. ಆದ್ರೆ ಮಾರ್ಕೆಟಲ್ಲಿ ನಕಲಿ ಚಿಪ್ ತುಂಬಿದೆ, ನಾನು ಆನ್‌ಲೈನಲ್ಲಿ ತರಿಸಿದ ಎರಡರಲ್ಲಿ ಒಂದನ್ನ ಕೋಡ್ ಹಾಕೋ ಸಾಧನ (ಪ್ರೋಗ್ರಾಮರ್) ಗುರುತೇ ಹಿಡೀಲಿಲ್ಲ. ಮುಂದೆ ಇದೇ ಕೆಲಸಕ್ಕೆ ಹೋಗ್ಬೇಕು ಅನ್ನೋ ಇಂಜಿನಿಯರಿಂಗ್ ಹುಡುಗರು ಕಲೀಲಿ, ಬೇರೆಯವರಿಗೆ ಅವಶ್ಯಕತೆ ಇಲ್ಲ.

ಈಗ ಮೂರು ಜನಕ್ಕೆ ಏನು ಹೇಳಿದೆ

ಮೇಷ್ಟ್ರಿಗೆ ಮೈಕ್ರೋಬಿಟ್ ತೋರಿಸ್ದೆ, ಬಹಳ ಇಷ್ಟ ಆಯ್ತು ಅವರಿಗೆ. ಆದ್ರೆ ನಲವತ್ತು ಮಕ್ಕಳು, ನಾಲ್ಕು ಜನಕ್ಕೊಂದು ಅಂದ್ರೂ ಹತ್ತು ಬೋರ್ಡ್, ಶಾಲೆಯ ದುಡ್ಡಿಗೆ ಆಗ್ಲಿಲ್ಲ. ಮೂರು ಮೈಕ್ರೋಬಿಟ್ ತಗೊಂಡು ಹದಿಮೂರು ಹದಿನಾಲ್ಕು ಮಕ್ಕಳು ಒಂದರ ಮೇಲೆ ಬಗ್ಗಿ ನಿಲ್ಲೋದಕ್ಕಿಂತ ಕ್ಲೋನ್ ಉನೋ ಹತ್ತು ತಗೊಂಡು ಒಂದೊಂದು ಗುಂಪಿಗೂ ಕೊಡೋದು ಮೇಲು ಅಂತ ನಾನಂದೆ. ಕ್ಲೋನ್ ಅಂದ್ರೆ ಕಳ್ಳಮಾಲಲ್ಲ, ಆರ್ಡುಯಿನೋದ ಡಿಸೈನ್ ಮುಕ್ತವಾಗಿದೆ, ಬೇರೆಯವರೂ ಮಾಡ್ಬಹುದು, ಬೆಲೆ ಒರಿಜಿನಲ್‌ನ ಕಾಲುಭಾಗದ ಹತ್ರ ಇರ್ತದೆ. ಯುಎಸ್‌ಬಿಗೆ ಸಿಎಚ್340 ಅನ್ನೋ ಬೇರೆ ಚಿಪ್ ಇರ್ತದೆ, ಶಾಲೆಯ ಹಳೇ ಕಂಪ್ಯೂಟರಿಗೆ ಅದ್ರ ಡ್ರೈವರ್ ಮೊದಲೇ ಹಾಕಿಡಿ, ಇಲ್ಲಾಂದ್ರೆ ಮೊದಲ ಪೀರಿಯಡ್ ಪೂರ್ತಿ ಅದಕ್ಕೇ ಹೋಗ್ತದೆ. ಐದನೇ ಆರನೇ ಕ್ಲಾಸಿನ ಸಣ್ಣ ಮಕ್ಕಳಾಗಿದ್ರೆ ನಾನು ಕಮ್ಮಿ ಬೋರ್ಡ್ ಆದ್ರೂ ಮೈಕ್ರೋಬಿಟ್ಟೇ ಹೇಳ್ತಿದ್ದೆ.

ಚಿಕ್ಕಪ್ಪಂದು ಎಲ್ಲಕ್ಕಿಂತ ಕಷ್ಟದ್ದು. ಹಳ್ಳದಲ್ಲಿ ವೈಫೈ ಇಲ್ಲ, ಮಧ್ಯ ಅಡಿಕೆ ತೋಟ, ಮಳೆಯಲ್ಲಿ ತೊಯ್ದ ಸೋಗೆ ರೇಡಿಯೋ ಅಲೆಯನ್ನ ನುಂಗ್ತದೆ. ಎರಡು ದಾರಿ ಇತ್ತು. ಒಂದು, ಸಿಮ್ ಹಾಕೋ ಜಿಎಸ್‌ಎಂ ಮಾಡ್ಯೂಲ್. ಅಗ್ಗಕ್ಕೆ ಸಿಗೋ ಸಿಮ್800ಎಲ್ ಬರೇ 2ಜಿ, ಜಿಯೋ ಸಿಮ್ ಅದ್ರಲ್ಲಿ ನಡೆಯೋದಿಲ್ಲ, ಬೇರೆ ಸಿಮ್ ಹಾಕಿದ್ರೆ ತಿಂಗಳು ತಿಂಗಳು ರೀಚಾರ್ಜು, ಕಳಿಸೋ ಕ್ಷಣಕ್ಕೆ 2 ಆಂಪ್ ಎಳೀತದೆ, ಮತ್ತೆ ಹಳ್ಳದ ತಗ್ಗಿನಲ್ಲಿ ಸಿಗ್ನಲ್ ಒಂದು ಕಡ್ಡಿ. ಇನ್ನೊಂದು ಲೋರಾ. ಕಮ್ಮಿ ಮಾಹಿತಿಯನ್ನ ನಿಧಾನಕ್ಕೆ ಬಹಳ ದೂರ ಕಳಿಸೋ ರೇಡಿಯೋ, ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸ್ಬಹುದು, ಹಾಗಾಗಿ ಮಾಡ್ಯೂಲ್ ತಗೊಳ್ಳುವಾಗ ಆ ಬ್ಯಾಂಡಿನದ್ದೇ ಕೇಳಿ. ಲೋರಾ ಚಿಪ್ಪೂ 3.3 ವೋಲ್ಟಿಂದು, ಇಎಸ್‌ಪಿ32ಕ್ಕೆ ಸೀದಾ ಹೊಂದ್ತದೆ, ಎರಡೂ ಒಂದೇ ಬೋರ್ಡಿನಲ್ಲಿ ಇರೋದೂ ಸಿಗ್ತದೆ. ಹಳ್ಳದಲ್ಲೊಂದು, ಮನೆ ಮಹಡಿ ಮೇಲೊಂದು ಇಟ್ಟೆ. ಮಹಡಿಯದ್ದು ಸುದ್ದಿಯನ್ನ ಮನೆ ವೈಫೈಗೆ ದಾಟಿಸ್ತದೆ, ಚಿಕ್ಕಪ್ಪ ಮೊಬೈಲಲ್ಲಿ ನೋಡ್ತಾರೆ, ವೈಫೈ ಇಲ್ದಿದ್ರೂ ಜಗುಲಿ ಮೇಲೆ ಹಸಿರು ದೀಪ ಹತ್ತುತ್ತದೆ.

ಪಂಪ್ ಓಡ್ತಾ ಇದೆಯಾ ಅಂತ ತಿಳೀಲಿಕ್ಕೆ ಸ್ಟಾರ್ಟರ್ ಬಿಚ್ಚಲಿಲ್ಲ, ವಯರಿನ ಸುತ್ತ ಕಚ್ಚಿ ಹಿಡಿಯೋ ಎಸ್‌ಸಿಟಿ-013 ಅನ್ನೋ ಕ್ಲಾಂಪ್ ಹಾಕಿದೆ. ಒಂದೇ ಫೇಸಿನ ವಯರಿಗೆ ಹಾಕ್ಬೇಕು, ಮೂರೂ ಇರೋ ಇಡೀ ಕೇಬಲಿಗೆ ಹಾಕಿದ್ರೆ ಒಂದನ್ನೊಂದು ಕಳೆದು ಸೊನ್ನೆ ತೋರಿಸ್ತದೆ. ಇಎಸ್‌ಪಿ32ನ ಅಳತೆ ಸೊಟ್ಟ ಅಂದ್ನಲ್ಲ, ಇಲ್ಲಿ ಅದ್ರಿಂದ ತೊಂದ್ರೆ ಇಲ್ಲ, ಪಂಪ್ ನಿಂತಿದೆ, ನೀರು ಎತ್ತುತ್ತಾ ಇದೆ, ನೀರಿಲ್ಲದೆ ಬರಿದೇ ತಿರುಗ್ತಾ ಇದೆ, ಈ ಮೂರರ ಕರೆಂಟಿನ ವ್ಯತ್ಯಾಸ ಸಾಕಷ್ಟು ದೊಡ್ಡದು. ಮನೆಯಿಂದ್ಲೇ ಚಾಲೂ ಮಾಡೋದು ಬೇಕಾ ಅಂತ ಕೇಳ್ದಾಗ ಚಿಕ್ಕಪ್ಪನೇ ಬೇಡ ಅಂದ್ರು, ಹಳ್ಳದಲ್ಲಿ ಕೆಲಸದವರು ಇರ್ತಾರೆ ಅಂತ. ನನಗೂ ಅದೇ ಸರಿ ಅನ್ನಿಸ್ತು. ನಿಮಗೆ ಬೇಕೇ ಬೇಕು ಅಂದ್ರೆ ರಿಲೇನ ಸ್ಟಾರ್ಟರಿನ ಬಟನ್ ಸಾಲಿಗೆ ಸೇರಿಸ್ಬೇಕೇ ಹೊರತು ಮೋಟರಿಗೆ ಅಲ್ಲ, ಅಲ್ಲಿ ಫೇಸ್ ಫೇಸಿನ ಮಧ್ಯ 400 ವೋಲ್ಟಿನ ಮೇಲೆ ಇರ್ತದೆ, ಎಲೆಕ್ಟ್ರಿಶಿಯನ್ ಇಲ್ಲದೆ ಮುಟ್ಟಬೇಡಿ.

ಗೆಳೆಯನ ಬೋಟಿಗೆ ನ್ಯಾನೋ. ಸಮುದ್ರದ ಮೇಲೆ ವೈಫೈ ಯಾರಿಗೆ ಬೇಕು, ಐಸ್ ಖಾನೆಯಲ್ಲಿ ಎಷ್ಟು ಡಿಗ್ರಿ ಅಂತ ವೀಲ್‌ಹೌಸಲ್ಲಿ ಕಂಡ್ರೆ ಸಾಕು. ಡಿಎಸ್18ಬಿ20 ಅನ್ನೋ ಸ್ಟೀಲ್ ಕೊಳವೆ ಸೆನ್ಸರ್ ಮೂರು ಹಾಕಿದ್ವಿ, ಖಾನೆಯ ತಳ, ಮಧ್ಯ, ಬಾಯಿ ಹತ್ರ. ಪ್ರತಿಯೊಂದಕ್ಕೂ ಅದ್ರದ್ದೇ 64 ಬಿಟ್ ವಿಳಾಸ ಇರೋದ್ರಿಂದ ಮೂರೂ ಒಂದೇ ಪಿನ್ನಿಗೆ ಬರ್ತವೆ, 4.7 ಕಿಲೋಓಮ್ ರೆಸಿಸ್ಟರ್ ಒಂದು ಬೇಕು ಅಷ್ಟೇ. ಬೋಟಿನ 12 ವೋಲ್ಟ್ ಬ್ಯಾಟರಿ ಇಂಜಿನ್ ಓಡುವಾಗ 14ರ ಮೇಲೆ ಹೋಗ್ತದೆ, ಅದನ್ನ ಸೀದಾ ಬೋರ್ಡಿಗೆ ಕೊಡದೆ ಬಕ್ ಕನ್ವರ್ಟರಲ್ಲಿ 5ಕ್ಕೆ ಇಳಿಸಿ ಕೊಟ್ವಿ. ಡಿಸ್‌ಪ್ಲೇಗೆ ಓಎಲ್‌ಇಡಿ ಬಿಟ್ಟು ಎರಡು ಸಾಲಿನ ಎಲ್‌ಸಿಡಿ, ರ‍್ಯಾಮೂ ಉಳೀತು, ಬಿಸಿಲಲ್ಲೂ ಕಾಣ್ತದೆ.

ಬೋಟಲ್ಲಿ ನಿಜವಾದ ಶತ್ರು ಉಪ್ಪು. ಕಾರವಾರದ ನಮ್ಮ ಮನೆ ತಾರಸಿ ಮೇಲೆ ಮಳೆ ಅಳೀಲಿಕ್ಕೆ ಇಟ್ಟಿದ್ದ ಬೋರ್ಡನ್ನ ತಿಂಡಿ ಡಬ್ಬದೊಳಗೆ ಹಾಕಿ ಟೇಪ್ ಸುತ್ತಿದ್ದೆ, ಒಂದೇ ಮಳೆಗಾಲ ಮುಗಿಯೋ ಹೊತ್ತಿಗೆ ತೆಗೆದು ನೋಡಿದ್ರೆ ಪಿನ್ನಿನ ಬುಡದಲ್ಲೆಲ್ಲ ಹಸಿರು ಕಿಲುಬು ಹೂವಿನ ಹಾಗೆ ಎದ್ದಿತ್ತು, ಒಂದು ವಯರ್ ಮುಟ್ಟಿದ ಕೂಡ್ಲೆ ಪುಡಿಯಾಗಿ ಕೈಗೇ ಬಂತು. ಅಂದಿನಿಂದ ಚುಚ್ಚೋ ಜಂಪರ್ ವಯರ್ ಹೊರಗೆಲ್ಲೂ ಹಾಕೋದಿಲ್ಲ, ಎಲ್ಲ ಬೆಸುಗೆ ಇಲ್ಲಾ ಸ್ಕ್ರೂ ಟರ್ಮಿನಲ್. ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಾಗದ ಹಾಗೆ ತಡೆಯೋ ಲೇಪ) ಸ್ಪ್ರೇ ಎರಡು ಪದರ, ಯುಎಸ್‌ಬಿ ಬಾಯಿಗೆ, ಬಟನ್‌ಗೆ ಮಾತ್ರ ಟೇಪ್ ಮುಚ್ಚಿ ಹೊಡೀಬೇಕು. ಧೂಳು, ನೀರಿನ ಹೊಡೆತ ಒಳಗೆ ಬಿಡದ ಐಪಿ65 ಡಬ್ಬ, ವಯರ್ ಒಳಗೆ ಹೋಗೋ ಗ್ಲ್ಯಾಂಡ್ ಯಾವಾಗ್ಲೂ ಡಬ್ಬದ ಕೆಳಗಿನ ಮುಖದಲ್ಲಿ, ವಯರ್ ಒಳಗೆ ಹೋಗೋ ಮುಂಚೆ ಕೆಳಗೊಂದು ಬಳುಕು ಬಿಟ್ರೆ ನೀರು ಅಲ್ಲೇ ತೊಟ್ಟಿಕ್ಕಿ ಬೀಳ್ತದೆ. ಶಿರಸಿ ಕಡೆ ಉಪ್ಪಿಲ್ಲ, ಆದ್ರೆ ಇರುವೆ ಇದೆ, ಡಬ್ಬದ ತೂತು ಒಂದೂ ತೆರೆದಿರಬಾರದು.

ದುಡ್ಡಿನ ಲೆಕ್ಕ ಬೇಕು ಅನ್ನೋರಿಗೆ: ಕ್ಲೋನ್ ನ್ಯಾನೋ, 8266, ಪಿಕೋ, ಸಾದಾ ಇಎಸ್‌ಪಿ32 ಎಲ್ಲ ಹೆಚ್ಚುಕಮ್ಮಿ ಐನೂರು ರೂಪಾಯಿ ಆಸುಪಾಸಿನವು, ಒರಿಜಿನಲ್ ಉನೋ, ಮೈಕ್ರೋಬಿಟ್ ಸಾವಿರ ದಾಟ್ತವೆ, ಲೋರಾ ಇರೋ ಬೋರ್ಡ್ ಎರಡು ಬೇಕಾಗೋದ್ರಿಂದ ಅದು ದುಬಾರಿ. ಯಾವುದೇ ತಗೊಳ್ಳಿ, ಎರಡು ತಗೊಳ್ಳಿ. ಜುಲೈ ತಿಂಗಳ ಮಳೇಲಿ ಒಂದು ಹೋದ್ರೆ ಘಟ್ಟದ ರಸ್ತೆ ತೆರೆದಿದೆಯಾ, ಕೊರಿಯರ್ ಯಾವಾಗ ಬರ್ತದೆ ಅಂತ ಕಾಯೋ ಹಾಗಾಗಬಾರದು, ಕೋಡ್ ಹಾಕಿಟ್ಟ ಎರಡನೇ ಬೋರ್ಡ್ ಅಲ್ಲೇ ಡಬ್ಬದ ಪಕ್ಕ ಇದ್ರೆ ಚಿಕ್ಕಪ್ಪನೇ ಸ್ಕ್ರೂ ಬಿಚ್ಚಿ ಬದಲಿಸ್ತಾರೆ. ಅದಕ್ಕಂತ್ಲೇ ಒಂದೊಂದು ವಯರಿಗೂ ಬೇರೆ ಬೇರೆ ಬಣ್ಣ ಹಾಕಿ, ಯಾವ ಬಣ್ಣ ಯಾವ ಟರ್ಮಿನಲಿಗೆ ಅಂತ ಕನ್ನಡದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿ ಇಟ್ಟಿದ್ದೇನೆ.